ಕ್ಯಾಮೆರಾ ಮೂಸಿದ ತುಂಬೆ ಹೂವು

ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಅಕ್ಷರ ಕಲಿಯುವುದಕ್ಕೆ ಮೊದಲೇ ಕಲಿಯುತ್ತಿದ್ದ ಪಾಠ ಇದು. ಹೂ ಬಿಡಿಸುವಾಗ ಮೂಗು ತುರಿಸಿಕೊಂಡರೂ ಅವ್ವ ಒಮ್ಮೆ ಬುಟ್ಟಿಯನ್ನೂ ಒಮ್ಮೆ ನಮ್ಮ ಮುಖವನ್ನೂ ನೋಡುತ್ತಿದ್ದಳು. ಮನುಷ್ಯರ ಮೂಗಿಗಿದ್ದ ಈ ಕಾನೂನು ಮರ, ಚರ್ಮ, ಗಾಜು ಸೇರಿಸಿ ಮಾಡಿದ ಪೆಟ್ಟಿಗೆಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಕೊಳ್ಳೇಗಾಲದಲ್ಲಿ ಮೊಟ್ಟಮೊದಲು ಎದ್ದದ್ದು ನನ್ನಿಂದ. ತೀರ್ಪು ಕೊಟ್ಟವಳು ಅವ್ವ. ಅಪೀಲಿಗೆ ಅವಕಾಶವಿರಲಿಲ್ಲ.

ನಾವು ರೇಷ್ಮೆ ಸೀರೆ ನೇಯುವವರು. ನಾವು ಎಂದರೆ ಅಪ್ಪ, ಅವನಪ್ಪ, ಅವನಪ್ಪನ ಅಪ್ಪ. ನಾನೊಬ್ಬನನ್ನು ಬಿಟ್ಟು ಎಲ್ಲರೂ. ನಾನು ಮಗ್ಗದ ಗುಂಡಿಗೆ ಕಾಲಿಳಿಸಿದರೆ ಸಾಕು, ಎಳೆಗಳು ತಾವಾಗಿಯೇ ಹರಿಯುತ್ತಿದ್ದವು. ಇವನು ಮಗ್ಗದ ಹತ್ತಿರ ಇರುವುದಕ್ಕಿಂತ ಶಾಲೆಯ ಹತ್ತಿರ ಇರುವುದು ಎಲ್ಲರಿಗೂ ಕ್ಷೇಮ ಎಂದು ಅಪ್ಪ ಓದಿಸಿದ. ಓದಿ ಯಳಂದೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ದಿನಾ ಬೆಳಿಗ್ಗೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೈಕಲ್ ತುಳಿದುಕೊಂಡು ಹೋಗಿ, ಮಕ್ಕಳಿಂದ ಮಾವಿನಕಾಯಿ ಬರೆಯಿಸಿ, ಸಂಜೆ ವಾಪಸಾಗುತ್ತಿದ್ದೆ. ಮಾವಿನಕಾಯಿಯೇ ಏಕೆಂದರೆ ನನಗೆ ಹೂವು ಬರೆಯಲು ಬರುತ್ತಿರಲಿಲ್ಲ. ನಾನು ಬರೆದ ದಾಸವಾಳವನ್ನು ನೋಡಿ ತಂಗಿ ಒಮ್ಮೆ, 'ಅಣ್ಣ, ಈ ಕೋಳಿ ಯಾರ ಮನೇದು?' ಎಂದು ಕೇಳಿದ್ದಳು.

ಬರೆಯಲು ಬಾರದವನು ಯಂತ್ರದ ಮೊರೆಹೋಗುವುದು ಸಹಜ. ಯಳಂದೂರಿನ ಆಚೆ ಬೆಟ್ಟದ ಮೇಲಿನ ಕಾಫಿ ತೋಟದಲ್ಲಿ ಗುಮಾಸ್ತನಾಗಿದ್ದ ನನ್ನ ಸ್ನೇಹಿತನೊಬ್ಬನಿಗೆ, ಊರಿಗೆ ಹೊರಟ ಬಿಳಿ ದೊರೆ ಒಂದು ಹಳೆಯ ಕ್ಯಾಮೆರಾ ಬಿಟ್ಟು ಹೋಗಿದ್ದ. ಮರದ ಪೆಟ್ಟಿಗೆ, ಮುಂದಕ್ಕೆ ಎಳೆದರೆ ಮೊಳದುದ್ದ ಚಾಚಿಕೊಳ್ಳುವ ಚರ್ಮದ ತಿದಿ, ತುದಿಯಲ್ಲಿ ಗಾಜಿನ ಕಣ್ಣು. ಹಿಂದುಗಡೆಯ ಉಜ್ಜಿದ ಗಾಜಿನ ಮೇಲೆ ಬಿಂಬ ತಲೆಕೆಳಗಾಗಿ ಬೀಳುತ್ತಿತ್ತು. ಸ್ನೇಹಿತನಿಗೆ ಸೈಕಲ್ಲು ಬೇಕಿತ್ತು. ನನ್ನದನ್ನು ಕೊಟ್ಟು ಕ್ಯಾಮೆರಾ ತಂದೆ, ಬಸ್ಸಿನಲ್ಲಿ.

ಅಪ್ಪ ಅದನ್ನು ಸುತ್ತಲೂ ಮುಟ್ಟಿ ನೋಡಿ ಹೇಳಿದ: 'ಸೈಕಲ್ಲಾದ್ರೆ ಮೇಲೆ ಕೂರ್ಬೋದಿತ್ತು.'

ಊರಿನ ಸ್ಟುಡಿಯೋ ಯಜಮಾನರದು ಇನ್ನೊಂದು ಬಗೆಯ ತಕರಾರು. ಚಿತ್ರ ಮೂಡುವ ಗಾಜಿನ ಪ್ಲೇಟುಗಳನ್ನು ತೊಳೆದು ದೊಡ್ಡದು ಮಾಡಿಕೊಡಲು ನಾನು ಅವರನ್ನೇ ನಂಬಿದ್ದೆ. 'ಮದ್ವೆ ಆದ್ರೆ ತೆಗೀತಾರೆ, ಸತ್ರೆ ತೆಗೀತಾರೆ. ಊವ ಯಾಕ್ ಸಾ ತೆಗೀತೀರಿ? ಅದ್ಕೆ ಮಖ ಎಲ್ಲದೆ?' ಎಂದರು. ಹೂವಿನ ಮುಖ ಹುಡುಕುವುದೇ ಕಲೆ ಎಂದು ನಾನೊಂದು ಭಾಷಣ ಬಿಗಿದೆ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದು, 'ಇದ್ರಲ್ಲಂತೂ ಸಿಕ್ಕಿಲ್ಲ ಬುಡಿ' ಎಂದರು.

ಹೀಗೆ ನಾಲ್ಕು ಜನರ ನಗೆಗೆ ವಸ್ತುವಾಗಿ ಹಾಯಾಗಿದ್ದವನಿಗೆ ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಿಜವಾದ ಕೆಲಸ ಬಂತು. ತಂಗಿಯ ಮದುವೆ ಹನೂರಿನ ಹುಡುಗನೊಂದಿಗೆ ಗೊತ್ತಾಯಿತು. ಮಾಘದಲ್ಲಿ ಧಾರೆ. ಧಾರೆ ಸೀರೆಯನ್ನು ಅಪ್ಪ ತನ್ನ ಕೈಯಿಂದಲೇ ನೇಯಬೇಕು, ಅದರ ಮೈತುಂಬ ತುಂಬೆ ಹೂವಿನ ಬುಟ್ಟಾ ಇರಬೇಕು ಎಂದು ತೀರ್ಮಾನಿಸಿದ. ಎಲ್ಲರ ಸೀರೆಯಲ್ಲೂ ಮಾವು, ನವಿಲು, ರುದ್ರಾಕ್ಷಿ ಇದ್ದೇ ಇರುತ್ತವೆ. ತುಂಬೆ ಯಾರದರಲ್ಲೂ ಇರಲಿಲ್ಲ. ನಮ್ಮ ತಂಗಿ ಚಿಕ್ಕವಳಿದ್ದಾಗ ಹಿತ್ತಲಿನ ತುಂಬೆ ಹೂವುಗಳನ್ನು ಒಂದೊಂದಾಗಿ ಕಿತ್ತು, ಹಿಂಭಾಗದ ಸಿಹಿ ಹೀರಿ, ಅವ್ವನಿಂದ ಪೆಟ್ಟು ತಿನ್ನುತ್ತಿದ್ದವಳು. ಅಪ್ಪನಿಗೆ ಅದು ನೆನಪಿತ್ತು.

'ತುಂಬೆ ಊವ ದೊಡ್ಡದಾಗಿ ತೆಗ್ದು ಕೊಡು ಕಣ್ಲಾ,' ಎಂದ. 'ಎಸಳು ಎಲ್ಲಿ ಸುರುವಾಯ್ತದೆ, ಎಲ್ಲಿ ಮುಗೀತದೆ ಅಂತ ಬಿಡಿಬಿಡಿಯಾಗಿ ಕಾಣ್ಬೇಕು. ಎಳೆ ಎಣ್ಸಕೆ.' ಆಮೇಲೆ ಸೇರಿಸಿದ: 'ನನ್ ಮಗ್ಳು ಅಂಗ್ಡಿ ಸೀರೆ ಉಟ್ಕಂಡು ಅನೂರ್ಗೆ ಓದ್ರೆ ಈ ಮಗ್ಗ ಸೌದೆಗಿಕ್ಬೇಕು ಅಷ್ಟೇಯಾ.'

ನನಗೆ ಎದೆ ಉಬ್ಬಿಹೋಯಿತು. ಸೈಕಲ್ಲಿನ ಬಗ್ಗೆ ಮಾತಾಡಿದ ಬಾಯಲ್ಲೇ ಈಗ ಕ್ಯಾಮೆರಾದ ಬಗ್ಗೆ ಮಾತು ಬಂದಿತ್ತು. ಕಲೆಗೆ ಸೋಲದವರುಂಟೇ ಎಂದುಕೊಂಡೆ. ಹಿತ್ತಲಿನಲ್ಲಿ ಕಣ್ಣೆದುರೇ ಅಷ್ಟು ಗಿಡ ಇರುವಾಗ ಒಬ್ಬ ನುರಿತ ನೇಕಾರ ಒಂದು ಹೂ ಕಿತ್ತು ಅಂಗೈಯಲ್ಲಿಟ್ಟು ನೋಡದೆ ನನ್ನ ಚಿತ್ರವನ್ನೇ ಏಕೆ ಬೇಡುತ್ತಾನೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ಬರಲಿಲ್ಲ. ಹೊಗಳಿಕೆ ಬಾಗಿಲಿಗೆ ಬಂದಾಗ ಯಾರೂ ಅದರ ಊರು ಕೇರಿ ವಿಚಾರಿಸುವುದಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಕ್ಯಾಮೆರಾ ಹೂಡಿದೆ. ತುಂಬೆ ಹೂವು ಎಷ್ಟು ಚಿಕ್ಕದು ಎಂದು ದೇವರಿಗೆ ಏರಿಸುವವರಿಗೆ ಗೊತ್ತಾಗುವುದಿಲ್ಲ, ಅವರು ಹಿಡಿಗಟ್ಟಲೆ ಏರಿಸುತ್ತಾರೆ. ಕ್ಯಾಮೆರಾದವನಿಗೆ ಗೊತ್ತಾಗುತ್ತದೆ. ಬೆರಳುಗುರಿನಷ್ಟು ಬಿಳುಪು, ಮೇಲೆ ಮುಸುಕು ಹಾಕಿಕೊಂಡಂಥ ಒಂದು ಎಸಳು, ಕೆಳಗೆ ನಾಲಿಗೆಯ ಹಾಗೆ ಚಾಚಿದ ಇನ್ನೊಂದು. ಅದು ಗಾಜಿನ ಮೇಲೆ ದೊಡ್ಡದಾಗಿ ಬೀಳಬೇಕಾದರೆ ತಿದಿಯನ್ನು ಪೂರ್ತಿ ಎಳೆದು ಹೂವಿನ ಮೈಮೇಲೆ ಬೀಳುವಷ್ಟು ಹತ್ತಿರ ಹೋಗಬೇಕು. ಹೋದೆ. ಹಿಂದಿನಿಂದ ಅವ್ವನ ದನಿ ಕೇಳಿತು.

'ಅದ್ರ ಮೂತಿ ನೋಡ್ಲಾ. ಊವಿನ್ ತಾವ ಮಡಿಕ್ಕಂಡು ಮೂಸ್ತಾ ಅದೆ.'

'ಅದು ಮೂಗಲ್ಲ ಅವ್ವ, ಕಣ್ಣು.'

'ಕಣ್ಣಾದ್ರೆ ದೂರ್ದಿಂದ್ಲೇ ಕಾಣ್ಬೇಕು. ಅಷ್ಟು ತಾವಕ್ಕೋಗಿ ನೋಡದು ಮೂಗೇಯಾ.'

ತೀರ್ಪು ಹೀಗಾಯಿತು: ಕ್ಯಾಮೆರಾ ಮೂಸಿದ ಗಿಡದ ಹೂವು ಈಶ್ವರನಿಗೆ ಇಲ್ಲ. ಈಶ್ವರನ ಗಿಡಗಳ ಹತ್ತಿರ ಕ್ಯಾಮೆರಾ ಸುಳಿಯಕೂಡದು. ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂಟಿಯಾಗಿ ನಿಂತಿದ್ದ ಒಂದು ಬಡಕಲು ಗಿಡವನ್ನು ಅವ್ವ ನನ್ನ ಹೆಸರಿಗೆ ಬರೆದುಕೊಟ್ಟಳು. ಇಡೀ ಹಿತ್ತಲು ಕೊಟ್ಟಿದ್ದರೆ ನಾನು ಗಿಡದಿಂದ ಗಿಡಕ್ಕೆ ಹಾರಿ ಏನೂ ಕಲಿಯುತ್ತಿರಲಿಲ್ಲ. ಒಂದೇ ಗಿಡವಾದ್ದರಿಂದ ಅದರ ಪ್ರತಿ ಗೊಂಡೆ ಯಾವ ಹೊತ್ತಿಗೆ ಯಾವ ಕಡೆ ಮುಖ ಮಾಡುತ್ತದೆ ಎಂಬುದು ನನ್ನ ಶಾಲೆಯ ಹಾಜರಿಗಿಂತ ಚೆನ್ನಾಗಿ ಗೊತ್ತಾಯಿತು.

ಮೊದಲನೆಯ ಚಿತ್ರ ಒಡೆದ ಹಾಲಿನಂತೆ ಬಂತು. ಅಪ್ಪ ಅದನ್ನು ಮಗ್ಗದ ಬಳಿಯ ಕಿಟಕಿಗೆ ಒಯ್ದು, ಎಳೆ ಎಣಿಸುವ ಮಡಚು ಭೂತಗನ್ನಡಿಯನ್ನು ಮೇಲಿಟ್ಟು, ಮೂಗು ಚಿತ್ರಕ್ಕೆ ತಾಗುವಷ್ಟು ಬಗ್ಗಿ ನೋಡಿದ. 'ಮಸ್ಕು ಕಣ್ಲಾ. ಇನ್ನೂ ವಸಿ ದೊಡ್ಡದು ಮಾಡು.' ಅದು ನಿಜವಾಗಿಯೂ ಮಸುಕಾಗಿತ್ತು. ಒಪ್ಪಿಕೊಂಡೆ.

ಅಷ್ಟು ಹತ್ತಿರದಲ್ಲಿ ತಿದಿಯನ್ನು ಹಿಂದೆ ಮುಂದೆ ಎಳೆದು ಸ್ಪಷ್ಟ ಮಾಡಲು ಹೋದರೆ ಹೂವಿನ ಗಾತ್ರವೇ ಬದಲಾಗುತ್ತದೆ, ಸ್ಪಷ್ಟತೆ ಕೈಗೆ ಸಿಗದೆ ಜಾರುತ್ತದೆ. ಇದನ್ನು ಕಂಡುಕೊಳ್ಳಲು ನಾನು ಆರು ಪ್ಲೇಟುಗಳನ್ನು ಬಲಿ ಕೊಟ್ಟೆ. ಆಮೇಲೆ ತಿದಿಯನ್ನು ಒಂದು ಅಳತೆಗೆ ಕಟ್ಟಿಹಾಕಿ, ಕ್ಯಾಮೆರಾವನ್ನೇ ಊಟದ ಮಣೆಯ ಮೇಲಿಟ್ಟು, ಮಣೆಯನ್ನು ಎಳ್ಳು ಕಾಳಿನಷ್ಟು ಮುಂದಕ್ಕೆ, ಅರ್ಧ ಎಳ್ಳಿನಷ್ಟು ಹಿಂದಕ್ಕೆ ಸರಿಸುವುದು ಕಲಿತೆ. ಅಪ್ಪನ ಭೂತಗನ್ನಡಿಯನ್ನೇ ಕಡ ತಂದು ಹಿಂದಿನ ಗಾಜಿನ ಮೇಲಿಟ್ಟು ನೋಡಿದಾಗ ಇನ್ನೊಂದು ಸತ್ಯ ತಿಳಿಯಿತು. ಅಷ್ಟು ಹತ್ತಿರದಲ್ಲಿ ಹೂವು ಪೂರ್ತಿಯಾಗಿ ಎಂದೂ ಸ್ಪಷ್ಟವಾಗುವುದಿಲ್ಲ. ಮುಂದಿನ ಎಸಳು ಸಿಕ್ಕಿದರೆ ಹಿಂದಿನದು ಕರಗುತ್ತದೆ. ಯಾವುದು ಬೇಕು ಎಂದು ಮೊದಲೇ ಆರಿಸಿಕೊಳ್ಳಬೇಕು, ಹೂವನ್ನು ಎದುರಿನಿಂದಲ್ಲ, ಎಸಳುಗಳೆಲ್ಲ ಗಾಜಿಗೆ ಸಮನಾಗಿ ನಿಲ್ಲುವ ಹಾಗೆ ಪಕ್ಕದಿಂದ ಹಿಡಿಯಬೇಕು. ಲೆನ್ಸಿನ ಕಂಡಿಯನ್ನು ಸೂಜಿಗಣ್ಣಿನಷ್ಟು ಕಿರಿದು ಮಾಡಿದರೆ ಸ್ವಲ್ಪ ಹೆಚ್ಚು ಸಿಗುತ್ತದೆ. ಆದರೆ ಆಗ ಬೆಳಕು ಸಾಲದೆ ಎಂಟು ಹತ್ತು ಎಣಿಸುವ ತನಕ ತೆರೆದಿಡಬೇಕು. ಅಷ್ಟರಲ್ಲಿ ಗಾಳಿ ಬರುತ್ತದೆ. ಕೊಳ್ಳೇಗಾಲದಲ್ಲಿ ಬೇಸಿಗೆಯಲ್ಲಿ ಬೇಡಿಕೊಂಡರೂ ಬಾರದ ಗಾಳಿ, ನಾನು ಮುಚ್ಚಳ ತೆಗೆದ ಕೂಡಲೇ ಬರುತ್ತಿತ್ತು.

ಎರಡನೆಯ ಚಿತ್ರಕ್ಕೆ ಗಿಡದ ಎರಡು ಪಕ್ಕ ಮೊರ ನಿಲ್ಲಿಸಿದೆ. ತಂಗಿ ಬಿಳಿ ಪಂಚೆ ಹಿಡಿದು ನೆರಳಿನ ಕಡೆಗೆ ಬೆಳಕು ತಿರುಗಿಸಿದಳು. ನಾನು ಎಣಿಸುವಷ್ಟು ಹೊತ್ತು ಅವಳೂ ಉಸಿರು ಬಿಗಿಹಿಡಿಯುತ್ತಿದ್ದಳು. ಅದು ಅವಳದೇ ಸೀರೆಯಲ್ಲವೇ. ಚಿತ್ರ ಚೆನ್ನಾಗಿಯೇ ಬಂತು. ಅಪ್ಪ ಮೂಗು ತಾಗಿಸಿ ನೋಡಿ, 'ಮಸ್ಕು' ಎಂದ.

ಮೂರನೆಯದಕ್ಕೆ ಹಿಂದೆ ಕಾಣುತ್ತಿದ್ದ ಬಚ್ಚಲ ಕಲ್ಲು, ಹಂಡೆ, ಒಣಹಾಕಿದ ಲಂಗಗಳನ್ನೆಲ್ಲ ಮರೆಮಾಡಲು ಕರಿ ಕಂಬಳಿ ಕಟ್ಟಿದೆ. ಹೂವಿನ ಅಂಚು ಕತ್ತರಿಸಿದ ಹಾಗೆ ಬಂತು. ಅಪ್ಪ ಬಹಳ ಹೊತ್ತು ನೋಡಿದ. 'ಇನ್ನೂ ಮಸ್ಕೇ. ದೊಡ್ಡದು ಮಾಡು.' ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವನು ತಪ್ಪು ಹೇಳಿದ್ದಕ್ಕಲ್ಲ. ಎಲ್ಲೋ ನಿಜ ಹೇಳುತ್ತಿರಬಹುದು ಎಂಬ ಅನುಮಾನಕ್ಕೆ. ಎಳೆ ಎಣಿಸುವ ಕಣ್ಣು ಅದು, ನನಗೆ ಕಾಣದ್ದು ಅದಕ್ಕೆ ಕಾಣುತ್ತದೆ ಎಂದು ನಂಬಿದೆ. ಅವ್ವ ಒಲೆಯ ಮುಂದಿನಿಂದ ನಮ್ಮಿಬ್ಬರನ್ನೂ ನೋಡಿ ಮುಖ ತಿರುಗಿಸಿಕೊಂಡಳು. ಕ್ಯಾಮೆರಾದ ಮೇಲಿನ ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡೆ.

ಅಪ್ಪನಿಗೆ ಚಿತ್ರದ ಸಂಯೋಜನೆಯ ಬಗ್ಗೆ ಮಾತ್ರ ಎಂದೂ ಅನುಮಾನವಿರಲಿಲ್ಲ. ಒಂದು ಸಂಜೆ ನಾನು ಹೂವನ್ನು ಹಣೆಯ ಬೊಟ್ಟಿನಂತೆ ಯಾವಾಗಲೂ ನಟ್ಟನಡುವೆ ಇಡುತ್ತೇನೆಂದೂ, ಅದು ಯಾಕೋ ಸಪ್ಪೆಯೆನಿಸುತ್ತದೆಂದೂ ಹೇಳಿಕೊಂಡೆ. ಅವನು ಲಾಳಿ ಎಸೆಯುತ್ತಲೇ ಹೇಳಿದ: 'ಬುಟ್ಟಾ ಎದ್ದು ಕಾಣದು ಬುಟ್ಟಾದಿಂದಲ್ಲ ಕಣ್ಲಾ, ಸುತ್ತ ಬುಟ್ಟಿರೋ ಜಾಗ್ದಿಂದ. ಊವ ಎತ್ಲಾಗ್ ನೋಡ್ತದೋ ಅತ್ಲಾಗ್ ವಸಿ ಜಾಗ ಬುಡು.' ಹೂವನ್ನು ಹಾಗೆ ಇಟ್ಟ ಮೇಲೆ ಚಿತ್ರ ಉಸಿರಾಡಿತು. ಗಾಜಿನ ಮೇಲೆ ಹೂವು ತಲೆಕೆಳಗಾಗಿ ಕಾಣುವ ಕಷ್ಟವನ್ನೂ ಹೇಳಿದೆ. ನೇಕಾರನೂ ಸೀರೆಯ ಹಿಂಬದಿಯನ್ನೇ ನೋಡುತ್ತ ನೇಯುತ್ತಾನಲ್ಲ, ಅದು ಅವನಿಗೆ ಕಷ್ಟವೆನಿಸಲಿಲ್ಲ. 'ಒಳ್ಳೇದೇ ಆಯ್ತು. ಊವು ಅಂತ ಮರ್ತೋಯ್ತದೆ, ಅಂಚು ಮಾತ್ರ ಕಾಣ್ತದೆ' ಎಂದ. ಮುಂದೆ ಎಷ್ಟೋ ಪುಸ್ತಕ ಓದಿದೆ. ಈ ಎರಡು ಮಾತಿಗಿಂತ ಹೆಚ್ಚಿನದೇನೂ ಸಿಗಲಿಲ್ಲ.

ಕಾರ್ತಿಕ ಮುಗಿಯುತ್ತ ಬಂತು. ನನ್ನ ಗಿಡ ಒಣಗತೊಡಗಿತ್ತು. ಕೊನೆಯ ಗೊಂಡೆಯಲ್ಲಿ ಒಂದೇ ಹೂವು ಉಳಿದಿತ್ತು, ನನ್ನಲ್ಲಿ ಒಂದೇ ಪ್ಲೇಟು. ಇಬ್ಬನಿ ಆರುವ ಮೊದಲೇ ಎಲ್ಲ ಅಣಿಮಾಡಿ ಮುಚ್ಚಳ ತೆಗೆದು ಎಣಿಸತೊಡಗಿದೆ. ಮೂರು ಎನ್ನುವಾಗ ಎಲ್ಲಿಂದಲೋ ಒಂದು ಇರುವೆ ಬಂದು ಕೆಳಗಿನ ಎಸಳಿನ ಅಂಚಿಗೆ ಏರಿತು. ಅದು ಅಲುಗಿದರೆ ಕೊನೆಯ ಪ್ಲೇಟೂ ಹೋದಂತೆ. ಆದರೆ ಅದು ಅಲ್ಲಿದ್ದ ಇಬ್ಬನಿ ಹನಿಗೆ ಬಾಯಿ ಹಚ್ಚಿದ್ದೇ ನಿಂತುಬಿಟ್ಟಿತು. ಹತ್ತರ ಬದಲು ಇಪ್ಪತ್ತು ಎಣಿಸಿದೆ. ಅಲುಗಲಿಲ್ಲ. ಇಡೀ ಊರಿನಲ್ಲಿ ನನ್ನ ಮಾತು ಕೇಳಿದ ಜೀವ ಅದೊಂದೇ.

ಸ್ಟುಡಿಯೋ ಯಜಮಾನರು ಪ್ಲೇಟು ತೊಳೆದು ಮೊದಲ ಬಾರಿಗೆ ತಲೆ ತೂಗಿದರು. 'ಇರುವೆ ಅಳ್ಸಿ ಕೊಡ್ಲಾ ಸಾ? ಮಖದ ಮೇಲಿನ ಸಿಡುಬಿನ ಕಲೇನೇ ಅಳಿಸ್ತೀನಿ.'

'ಇರುವೆಯೇ ಚಿತ್ರದ ಜೀವ. ಅದರ ಒಂದು ಕಾಲನ್ನು ಮುಟ್ಟಿದರೂ ಕ್ಷಮಿಸುವುದಿಲ್ಲ' ಎಂದೆ. ಎಷ್ಟು ದೊಡ್ಡದು ಮಾಡಲು ಸಾಧ್ಯವೋ ಅಷ್ಟು ದೊಡ್ಡದು ಮಾಡಿಸಿದೆ.

ಎರಡು ದಿನ ಬಿಟ್ಟು ಲಕೋಟೆ ತಂದು, ಬಿಚ್ಚಿಯೂ ನೋಡದೆ ನೇರವಾಗಿ ಅಪ್ಪನ ಕೈಗೆ ಕೊಟ್ಟೆ. ಈ ಸಲ ಮಸುಕು ಎಂದರೆ ಜಗಳಕ್ಕೇ ಸಿದ್ಧನಾಗಿ ಎದುರು ನಿಂತೆ. ಅವನು ಚಿತ್ರವನ್ನು ಹೊರಗೆಳೆದು, ಕಿಟಕಿಯ ಹತ್ತಿರ ಹೋಗಿ, ಭೂತಗನ್ನಡಿ ಇಟ್ಟು, ಬಗ್ಗಿ, ಅಂಚಿನಿಂದ ಅಂಚಿಗೆ ನೋಡಿದ.

'ಈ ಸಲ ವಾಸಿ. ಮೇಲಿನ ಎಸಳು ಬೆಳ್ಳಗೆ ಗೊತ್ತಾಯ್ತದೆ. ಕೆಳಗಿಂದೇ ವಸಿ ಮಸ್ಕು.'

ಬಾಯಿ ಮಾಡಲು ಮುಂದೆ ಹೋದವನು ಚಿತ್ರ ನೋಡಿದೆ. ಅದು ಯಾರೋ ಗುರುತಿಲ್ಲದ ಮುದುಕನ ಫೋಟೋ. ತಲೆಗೆ ಬಿಳಿ ಪೇಟ, ಕೆಳಗೆ ಗಡ್ಡ. ಸ್ಟುಡಿಯೋದಲ್ಲಿ ಲಕೋಟೆ ಅದಲುಬದಲಾಗಿತ್ತು.

ಫೋಟೋ ತೆಗೆದುಕೊಂಡು, 'ಇನ್ನೊಂದು ಸಲ ದೊಡ್ಡದು ಮಾಡಿಸ್ತೀನಿ ಅಪ್ಪ' ಎಂದು ಹೇಳಿ ಹಿತ್ತಲಿಗೆ ಹೋದೆ. ಅವ್ವ ಅಲ್ಲಿ ಹೂ ಬಿಡಿಸುತ್ತಿದ್ದಳು. ನನ್ನ ಕೈಯಲ್ಲಿದ್ದ ಮುದುಕನನ್ನು ನೋಡಿದಳು. ನಾನು ಏನನ್ನೂ ಕೇಳಬೇಕಾಗಲಿಲ್ಲ.

'ಕಣ್ಗೆ ಪೊರೆ ಬಂದು ಎಲ್ಡು ವರ್ಸ ಆಯ್ತು,' ಎಂದಳು. 'ಬಿಳೀದು ಕರೀದು ಗೊತ್ತಾಯ್ತದೆ, ಅಷ್ಟೇಯಾ. ನೇಯದೆಲ್ಲ ಬೆರಳ್ನಾಗೆ. ನಾನ್ ಪಕ್ಕದಲ್ಲಿ ಕೂತು ಬಣ್ಣ ಯೋಳ್ತೀನಿ. ಗೊತ್ತಾದ್ರೆ ರೇಸ್ಮೆ ಸಾವ್ಕಾರ್ರು ನೇಯಕೆ ನೂಲು ಕೊಡಲ್ಲ. ಮಗೀನ ಮದ್ವೆ ಮುಗೀಲಿ ಅಂತ ಬಾಯ್ ಮುಚ್ಕಂಡಿವ್ನಿ.'

ನಾನು ಬಚ್ಚಲ ಕಲ್ಲಿನ ಮೇಲೆ ಕುಳಿತುಕೊಂಡೆ. ಮೂರು ತಿಂಗಳಿನಿಂದ ಅಂಗುಲ ದೂರದಲ್ಲಿ ಕೂತು ಹೂವಿನ ಎಸಳಿನ ರೋಮ ಎಣಿಸಿದವನು ನಾನು. ದಿನಾ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ಅಪ್ಪ, ತಟ್ಟೆಯನ್ನು ಕೈಯಿಂದ ಸವರಿ ಮುದ್ದೆ ಹುಡುಕುತ್ತಿದ್ದುದು ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಅಳು ಬಂತು. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, 'ಅವ್ರ ಮುಂದೆ ಗೊತ್ತು ಅಂತ ತೋರುಸ್ಬ್ಯಾಡ. ಮಾನಿಷ್ಟ್ರು ಅವ್ರು' ಎಂದಳು.

ಸ್ಟುಡಿಯೋಗೆ ಓಡಿ ನನ್ನ ಚಿತ್ರ ತಂದೆ. ಅಷ್ಟು ಸ್ಪಷ್ಟವಾದ ಹೂವನ್ನು ನಾನು ಅದಕ್ಕೆ ಮೊದಲು ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ. ಮುಸುಕಿನ ಎಸಳಿನ ಮೇಲಿನ ನವಿರು, ಇರುವೆಯ ಸೊಂಟ, ಅದರ ಆರೂ ಕಾಲು. ಅದನ್ನು ಕಿಟಕಿಯ ಗಾಜಿಗೆ ಬೆನ್ನುಮೇಲಾಗಿ ಒತ್ತಿ ಹಿಡಿದು, ಬೆಳಕಿನಲ್ಲಿ ಮೂಡಿದ ಗೆರೆಗಳ ಗುಂಟ ಪೆನ್ಸಿಲ್ ಎಳೆದೆ. ಆಮೇಲೆ ಮಡಿಸಿದ ಕಂಬಳಿಯ ಮೇಲಿಟ್ಟು, ದಬ್ಬಳದಿಂದ ಚುಚ್ಚತೊಡಗಿದೆ. ಪ್ರತಿ ಚುಚ್ಚಿಗೂ ಮುಂಬದಿಯಲ್ಲಿ ಬೆರಳಿಗೆ ಸಿಗುವಂಥ ಒಂದು ಗುಳ್ಳೆ ಏಳುತ್ತಿತ್ತು. ಎಸಳಿನ ಸುತ್ತ ಚುಚ್ಚಿದೆ. ಇರುವೆಯ ಹತ್ತಿರ ಬಂದಾಗ ಬಿಟ್ಟುಬಿಡಬಹುದಿತ್ತು. ಮನಸ್ಸು ಬರಲಿಲ್ಲ. ಅದು ಚಿತ್ರದ ಜೀವವಲ್ಲವೇ. ಅದರ ಮೈಯ ಸುತ್ತಲೂ ಚುಚ್ಚಿದೆ. ಕಾಲುಗಳು ದಬ್ಬಳಕ್ಕೆ ತೀರ ಸಣ್ಣ, ಅವನ್ನು ಬಿಟ್ಟೆ.

'ಇದಕ್ಕಿಂತ ದೊಡ್ಡದು ಆಗಲ್ಲವಂತೆ ಅಪ್ಪ. ಅದಕ್ಕೆ ಕಸೂತಿಯವರು ನಮೂನೆ ಕಾಗದಕ್ಕೆ ಚುಚ್ಚೋ ಹಾಗೆ ಚುಚ್ಚಿ ತಂದಿದೀನಿ,' ಎಂದು ಕೊಟ್ಟೆ.

ಅಪ್ಪ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದ. ಈ ಸಲ ಕಿಟಕಿಗೆ ಹೋಗಲಿಲ್ಲ, ಬಗ್ಗಲಿಲ್ಲ. ಮುಖ ಎದುರಿನ ಗೋಡೆಯ ಕಡೆಗಿತ್ತು. ಬೆರಳು ಒಂದು ಸುತ್ತು ಬಂದು, ಮತ್ತೊಂದು ಸುತ್ತು ಬಂದು, ನಿಂತಿತು.

'ಈಗ ಸರ್ಯಾಗಿ ಕಾಣ್ತದೆ,' ಎಂದ.

ಸೀರೆ ಮಗ್ಗಕ್ಕೆ ಏರಿತು. ಎರಡು ಮೊಳ ನೇಯ್ದಾದ ಮೇಲೆ ನಾನು ಮಗ್ಗದ ಕೆಳಗೆ ತಲೆ ಹಾಕಿ ಮುಂಬದಿ ನೋಡಿದೆ. ಜರಿಯ ತುಂಬೆಗಳು ಸಾಲುಸಾಲಾಗಿ, ಸುತ್ತ ಬೇಕಾದಷ್ಟು ಜಾಗ ಬಿಟ್ಟುಕೊಂಡು, ಜೀವ ಬಂದಂತೆ ನಿಂತಿದ್ದವು. ಪ್ರತಿ ಹೂವಿನ ಕೆಳ ಎಸಳಿನ ಅಂಚಿನಲ್ಲೂ ಸೊಂಟ ಸಣ್ಣಗಿದ್ದ ಒಂದು ಉಬ್ಬು ಇತ್ತು. ಅಪ್ಪ ಇರುವೆಯನ್ನೂ ಎಸಳೆಂದು ನೇಯ್ದಿದ್ದ. ಅವ್ವನಿಗೆ ಪಿಸುಗುಟ್ಟಿದೆ. 'ಸುಮ್ಕಿರು,' ಎಂದಳು, 'ಬಿಚ್ಚುಸ್ತೀಯಾ ಈಗ?' ಮಾಘದಲ್ಲಿ ತಂಗಿ ಮೈತುಂಬ ಇರುವೆ ಹೊತ್ತುಕೊಂಡು ಧಾರೆಗೆ ಕುಳಿತಳು. ಹನೂರಿನ ಬೀಗರ ಹೆಂಗಸರು ಸೆರಗು ಹಿಡಿದು ನೋಡಿ, ಇಂಥ ಹೂವು ತಾವು ಕಂಡೇ ಇಲ್ಲ ಎಂದರು. ಅವರು ಹೇಳಿದ್ದು ನಿಜ, ಯಾರೂ ಕಂಡಿರಲಿಲ್ಲ. ನೇಕಾರನ ಕಣ್ಣು ಎಷ್ಟು ಸೂಕ್ಷ್ಮ ಎಂದು ಒಬ್ಬರು ಹೊಗಳಿದಾಗ ಅಪ್ಪ ತಲೆ ತಗ್ಗಿಸಿದ.

ಮುಂದಿನ ವರ್ಷ ಮೈಸೂರಿಗೆ ಕರೆದೊಯ್ದು ಅಪ್ಪನ ಕಣ್ಣಿನ ಪೊರೆ ತೆಗೆಸಿದೆವು. ಸೋಡಾ ಸೀಸೆಯ ತಳದಂಥ ಕನ್ನಡಕ ಬಂತು. ಗೌರಿಹಬ್ಬಕ್ಕೆ ತಂಗಿ ಹನೂರಿನಿಂದ ಆ ಸೀರೆಯುಟ್ಟೇ ಬಂದಳು. ಅಪ್ಪ ಅವಳನ್ನು ಬೆಳಕಿನಲ್ಲಿ ನಿಲ್ಲಿಸಿ, ಸೆರಗನ್ನು ಅಂಗೈ ಮೇಲೆ ಹರಡಿ, ಭೂತಗನ್ನಡಿ ಬಿಡಿಸಿಟ್ಟು ನೋಡಿದ. ತಾನು ನೇಯ್ದ ಹೂವನ್ನು ಅವನು ನೋಡುತ್ತಿದ್ದುದು ಅದೇ ಮೊದಲು. ಒಂದು ಬುಟ್ಟಾ ನೋಡಿದ, ಇನ್ನೊಂದು ನೋಡಿದ, ನಾಲ್ಕನೆಯದನ್ನು ನೋಡಿ ನನ್ನನ್ನು ಕರೆದ. ಅವ್ವ ಒಲೆಯ ಹತ್ತಿರ ಸೌಟು ಕೆಳಗಿಟ್ಟಳು.

'ತುಂಬೆಗೆ ಇಲ್ಲೊಂದು ಎಸಳು ಎಚ್ಚಿಗೆ ಅದಲ್ಲಾ. ಇದೇನ್ಲಾ?'

ಇನ್ನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. 'ಇರುವೆ, ಅಪ್ಪ.'

ಅಪ್ಪ ಇನ್ನೊಮ್ಮೆ ಬಗ್ಗಿ ನೋಡಿದ. ಮೂಗು ತಾಗಿಸುವ ಅಗತ್ಯ ಈಗ ಇರಲಿಲ್ಲ. ಭೂತಗನ್ನಡಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ.

'ನಂಗೆ ಕಣ್ಣು ಕಾಣಲ್ಲ ಅಂತ ಗೊತ್ತಿದ್ದೋನು ಇದು ಇರುವೆ ಅಂತ್ಲೂ ಯೋಳ್ಬಾರ್ದಿತ್ತಾ,' ಎಂದ. 'ಕಾಲೂ ಇಕ್ತಿದ್ದೆ.'